ಬಲತೋಳು

"ಇನ್ನೂ ಮೇಲಕ್ಕೆ," ಎಂದಳು ಜೀವಿತಾ.

ಬಸವಕುಮಾರ ಪಡಸಾಲೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಅವನ ಹೆಂಡತಿ ಪಕ್ಕದಲ್ಲಿ ಮಂಡಿಯೂರಿ, ಅವನ ಬಲಗೈಯ ಮಣಿಕಟ್ಟು ಮೊಣಕೈ ಎರಡನ್ನೂ ಹಿಡಿದುಕೊಂಡು ತೋಳನ್ನು ಕಿವಿಯ ಕಡೆಗೆ ಒತ್ತುತ್ತಿದ್ದಳು. ಮೇಲೆ ಕೊಬ್ಬರಿ ಅಟ್ಟದ ಹಲಗೆಗಳು. ಸಂದಿಯಿಂದ ಆಗಾಗ ನಾರಿನ ಪುಡಿ ಉದುರಿ ಅವನ ಕಣ್ಣಿಗೆ ಬೀಳುತ್ತಿತ್ತು. ಒರೆಸಿಕೊಳ್ಳಲು ಎಡಗೈ ಎತ್ತಿದರೆ "ಅಲ್ಲಾಡಬೇಡಿ" ಅನ್ನುತ್ತಿದ್ದಳು. ಅವಳು ಅವನ ಮುಖ ನೋಡುತ್ತಿರಲಿಲ್ಲ, ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತಿದ್ದಳು. ಮೂವತ್ತು ಸೆಕೆಂಡು ಹಿಡಿಯಬೇಕು, ಹತ್ತು ಸೆಕೆಂಡು ಬಿಡಬೇಕು, ಹೀಗೆ ಐದು ಸಲ ಎಂದು ತಿಪಟೂರಿನ ಕ್ಲಿನಿಕ್ಕಿನವಳು ಬರೆದುಕೊಟ್ಟಿದ್ದಳು. ಬೇರೆ ಹೆಂಗಸಾಗಿದ್ದರೆ ಇಪ್ಪತ್ತೈದಕ್ಕೇ ಬಿಟ್ಟಾಳು, ಇಲ್ಲವೆ ಮಾತಿನ ಭರದಲ್ಲಿ ನಲವತ್ತು ಮಾಡಿಯಾಳು. ಇವಳದು ಮೂವತ್ತಕ್ಕೆ ಮೂವತ್ತೇ. ಹನ್ನೊಂದು ವಾರ, ದಿನಕ್ಕೆ ಎರಡು ಹೊತ್ತು, ಒಂದು ಸೆಕೆಂಡು ಹೆಚ್ಚಿಲ್ಲ ಕಡಿಮೆಯಿಲ್ಲ. ಕೋಪ ಬಂದರೆ ಜೋರಾಗಿ ಒತ್ತಬೇಕು, ಮರುಕ ಬಂದರೆ ಮೆಲ್ಲಗೆ ಒತ್ತಬೇಕು. ಎರಡೂ ಇಲ್ಲದ ಈ ಹಿಡಿತವನ್ನು ಏನೆಂದು ಕರೆಯುವುದೋ ತಿಳಿಯದೆ ಅವನು ಅದಕ್ಕೆ ಹಗೆ ಎಂದು ಹೆಸರಿಟ್ಟುಕೊಂಡಿದ್ದ.

"ಅಯ್ಯೋ, ಸಾಕು ಬುಡೇ," ಎಂದು ಹಲ್ಲು ಕಚ್ಚಿ ನರಳಿದ.

ನೋವಾಗಿರಲಿಲ್ಲ. ಮೂರು ವಾರದಿಂದ ನೋವಿರಲಿಲ್ಲ. ಅವತ್ತು ಬಚ್ಚಲಲ್ಲಿ ಮೈಗೆ ನೀರು ಹುಯ್ದುಕೊಳ್ಳುತ್ತಿದ್ದಾಗ ಗೂಡಿನಲ್ಲಿದ್ದ ಸೋಪಿಗೆ ಕೈ ಹಾಕಿದ್ದ. ಸೋಪು ಕೈಗೆ ಬಂದ ಮೇಲೆ, ಅದು ಬಲಗೈ ಎಂದು ಗೊತ್ತಾಯಿತು. ಗೂಡು ತಲೆಗಿಂತ ಮೇಲಿತ್ತು. ನಂಬಿಕೆಯಾಗದೆ ಮತ್ತೆ ಎತ್ತಿದ. ತೋಳು ತಡೆಯಿಲ್ಲದೆ ಹೋಗಿ ಕಿವಿಗೆ ಅಂಟಿಕೊಂಡಿತು. ಹಂಡೆಯ ಉಗಿಯಲ್ಲಿ ಬೆತ್ತಲೆ ನಿಂತು ಮೂರು ಸಲ, ನಾಲ್ಕು ಸಲ ಎತ್ತಿ ಇಳಿಸಿದ. ಕೂಗಿ ಹೇಳಬೇಕೆನ್ನಿಸಿ ಬಾಯಿ ತೆರೆದ. ತೆರೆದ ಬಾಯಲ್ಲೇ ಅವಳ ಮಾತು ನೆನಪಾಯಿತು. ಟವೆಲು ಸುತ್ತಿಕೊಂಡು, ಕೈ ಜೋಲು ಬಿಟ್ಟುಕೊಂಡು ಹೊರಗೆ ಬಂದ.

ಆ ಮಾತನ್ನು ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿದ್ದಳು. ಒಳಗೆ ಇಬ್ಬರು ಹಿಡಿದೆಳೆದು ಕೀಲು ಕೂರಿಸಿ, ತೋಳನ್ನು ಎದೆಗೆ ಬಿಗಿದು ಕಟ್ಟಿ ಕಳಿಸಿದ್ದರು. "ನನ್ನ ಕೈಯಿಂದ ಆಗಿರೋದು. ಸರಿ ಮಾಡಿಕೊಡ್ತೀನಿ. ಕೈ ಪೂರ್ತಿ ಮೇಲಕ್ಕೆ ಹೋದ ದಿನ ನಾನು ಹೋಗ್ತೀನಿ," ಎಂದಿದ್ದಳು. ಎಲ್ಲಿಗೆ ಎಂದು ಕೇಳಬೇಕಿತ್ತು. ಸೂಜಿಯ ಮಂಪರಿನಲ್ಲಿದ್ದ ಅವನು ನಕ್ಕುಬಿಟ್ಟಿದ್ದ. ಅವಳ ಅಕ್ಕ ಮೀನಾಕ್ಷಮ್ಮ ತುರುವೇಕೆರೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ, ಮೇಲೆ ಒಂದು ರೂಮು ಖಾಲಿಯಿದೆ ಎನ್ನುವುದೆಲ್ಲ ಆಮೇಲೆ ತಾನಾಗಿ ತಿಳಿಯಿತು. ಮಗಳು ಹಾಸನದಲ್ಲಿ ನರ್ಸಿಂಗ್ ಸೇರಿ ಹಾಸ್ಟೆಲಿಗೆ ಹೋದ ಮೇಲೇ ಇವಳಿಗೆ ಈ ಧೈರ್ಯ ಬಂದಿತೇ, ಅಥವಾ ಮಗಳೇ ಹೇಳಿಕೊಟ್ಟಳೇ ಎಂದು ಅವನು ಎಷ್ಟೋ ಮಧ್ಯಾಹ್ನ ಯೋಚಿಸಿದ್ದಾನೆ.

ಊರಿಗೆಲ್ಲ ಅವನು ಅಟ್ಟದ ಏಣಿಯಿಂದ ಬಿದ್ದದ್ದು. ಕೇಳಿದವರಿಗೆ ಎಷ್ಟನೇ ಮೆಟ್ಟಿಲು, ಕಾಲು ಹೇಗೆ ಜಾರಿತು ಎಂದು ಕೂಡ ಹೇಳುತ್ತಿದ್ದ. ಹೇಳಿ ಹೇಳಿ ಆ ಮೆಟ್ಟಿಲು ನಿಜವಾಗಿಯೂ ಸವೆದಿದೆ ಎಂದು ತೋರಿ, ಒಂದು ದಿನ ಆಳನ್ನು ಕರೆದು ಬದಲಾಯಿಸಿದ್ದ. ಆದದ್ದು ಅಟ್ಟದ ಬೀಗದ ಕೈಯಿಂದ. "ಎಲ್ಲಿಟ್ಟೆ?" ಎಂದು ಅವನು, "ಇಟ್ಟುಕೊಂಡೋರು ನೀವು, ನಾನೇನು ನುಂಗಿದ್ದೀನಾ?" ಎಂದು ಅವಳು. ಆ ಕೊನೆಯ ಮಾತಿನಲ್ಲಿ ನಗು ಇತ್ತೇ? ಇತ್ತು ಎಂದೇ ಅವನ ನಂಬಿಕೆ. ಕೈ ಎತ್ತಿದ. ಎತ್ತಿದಾಗ ಅವಳು ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳಬೇಕು, ಅದು ರೂಢಿ. ಅವತ್ತು ತಿರುಗಿಸಲಿಲ್ಲ. ಮೇಲಿದ್ದ ಮಣಿಕಟ್ಟನ್ನು ಹಿಡಿದು ಮೈಭಾರವೆಲ್ಲ ಹಾಕಿ ಹಿಂದಕ್ಕೆ ನೂಕಿದಳು. ಭುಜದೊಳಗೆ ಲಟಕ್ಕೆಂದಿತು. ಅವನು ನೆಲಕ್ಕೆ ಕೂತ. ಇಬ್ಬರೂ ತೋಳನ್ನೇ ನೋಡಿದರು. ಅದು ಎಲ್ಲಿರಬೇಕೋ ಅಲ್ಲಿರಲಿಲ್ಲ. ಆಮೇಲೆ ಅವಳೇ ಸೀರೆ ಹರಿದು ಕಟ್ಟಿದಳು, ಅವಳೇ ಓಡಿಹೋಗಿ ಪಕ್ಕದ ಮನೆಯ ಪರಮಶಿವಯ್ಯನವರ ಕಾರು ಕರೆಸಿದಳು. ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸಿ ತೆಗೆದಾಗ ಜೇಬಿನಿಂದ ಬೀಗದ ಕೈ ಬಿತ್ತು. ನರ್ಸು ಅದನ್ನು ಎತ್ತಿ ಜೀವಿತಾಳ ಕೈಗೆ ಕೊಟ್ಟಳು.

ಹತ್ತೊಂಬತ್ತು ವರ್ಷದಲ್ಲಿ ಕೈ ಎತ್ತಿದ್ದು ನಾಲ್ಕೇ ಸಲ. ಮಲಗಿದಲ್ಲೇ ಅವನು ಈ ಲೆಕ್ಕ ಹಾಕುತ್ತಿದ್ದ. ಮಗಳ ನಾಮಕರಣದ ದಿನ ಒಂದು; ಅವಳ ತಮ್ಮನ ಮುಂದೆ ಒಂದು, ಅದು ತಪ್ಪು, ಒಪ್ಪಿದ್ದಾನೆ; ಕರೆಂಟು ಹೋಗಿದ್ದ ಸಂಜೆ ಒಂದು; ಬೀಗದ ಕೈ ದಿನದ ಏಟು ಬಿದ್ದೇ ಇಲ್ಲ, ಆದರೂ ಇರಲಿ, ನಾಲ್ಕು. ತೋಟದ ಬಾವಿಯ ಹತ್ತಿರದ್ದು ಹೊಡೆತವಲ್ಲ, ತಳ್ಳಿದ್ದು. ಮಗಳು ಬಾಗಿಲಲ್ಲಿ ನಿಂತು ನೋಡಿದ್ದು ಯಾವುದು ಹಾಗಾದರೆ? ಅದು ಇವುಗಳಲ್ಲಿ ಯಾವುದೂ ಅಲ್ಲ. ಅಲ್ಲಿಗೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

"ಮೂವತ್ತು," ಎಂದು ಜೀವಿತಾ ಕೈಬಿಟ್ಟಳು. "ಏಳಿ. ಹತ್ತು ಗಂಟೆ ಬಸ್ಸಿಗೆ ಹೋಗಬೇಕು."

ಏಳುವಾಗ ಅವನು ಮರೆಯದೆ ಎಡಗೈ ಊರಿದ. ಒಳಗಿನಿಂದ ತಾಯಿ ಗುರುಶಾಂತಮ್ಮ ಬಂದು ಕಂಬಕ್ಕೆ ಒರಗಿ ನಿಂತರು. ಘಟನೆಯ ದಿನ ಅವರು ನಡುಮನೆಯಲ್ಲೇ ಇದ್ದರು, ಎಲ್ಲ ಕೇಳಿದ್ದರು. ಏಣಿಯ ಕಥೆಯನ್ನು ಮೊದಲು ಊರಿಗೆ ಹೇಳಿದವರೂ ಅವರೇ. "ಇನ್ನೂ ಅಷ್ಟೇ ಏನ್ಲಾ ಬಸವ? ಹಿಂಗೆ ಜಗ್ಗಿ ಜಗ್ಗಿ ಇರೋದನ್ನೂ ಕೆಡುಸ್ತಾಳೆ ನೋಡು. ಬಿಳಿಗೆರೆಲಿ ಮೂಳೆಗೆ ಪಟ್ಟು ಹಾಕೋರವ್ರೆ ಅಂದ್ರೆ ಕೇಳಂಗಿಲ್ಲ," ಎಂದರು. ಜೀವಿತಾ ಚಾಪೆ ಸುತ್ತಿ ಮೂಲೆಗಿಟ್ಟಳು. ಬೆಳಿಗ್ಗೆ ಅವನ ಹಣೆಗೆ ವಿಭೂತಿ ಹಚ್ಚಿದವಳೂ ಅವಳೇ. ಮೊದಮೊದಲು ಎಡಗೈಯಲ್ಲಿ ಮುದ್ದೆ ಮುರಿಯಲಾರದೆ ಅವನು ತಟ್ಟೆ ನೂಕುತ್ತಿದ್ದಾಗ ಬೆರಳುದ್ದದ ತುತ್ತು ಮಾಡಿ ತಟ್ಟೆಯಂಚಿಗೆ ಸಾಲಾಗಿಟ್ಟು ಎದ್ದು ಹೋಗುತ್ತಿದ್ದಳು. ಅಂಗಿಯ ಗುಂಡಿ ಹಾಕುವಾಗ ಅವಳ ಉಸಿರು ಅವನ ಕತ್ತಿಗೆ ತಾಗುತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಅವಳು ಇಷ್ಟು ಹೊತ್ತು ಇಷ್ಟು ಹತ್ತಿರ ಇದ್ದದ್ದಿಲ್ಲ. ಇದಕ್ಕಾಗಿ ತಾನು ನೋವಿನ ನಟನೆ ಹೂಡಿದ್ದಲ್ಲ, ಹೆಂಡತಿ ಬಿಟ್ಟುಹೋದಳೆಂದರೆ ಮಾರ್ಕೆಟ್ಟಿನಲ್ಲಿ ತಲೆ ಎತ್ತುವುದು ಹೇಗೆ ಎಂಬ ಕಾರಣಕ್ಕೆ, ಎಂದು ಅವನು ತನಗೆ ತಾನೇ ದಿನಾ ಹೇಳಿಕೊಳ್ಳಬೇಕಾಗುತ್ತಿತ್ತು.

ತಿಪಟೂರಿನ ಕ್ಲಿನಿಕ್ಕು ಒಂದು ಗೊಬ್ಬರದಂಗಡಿಯ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಯೂರಿಯಾದ ವಾಸನೆ. ಒಳಗೆ ಬಾಗಿಲಿಗೆ ಕಟ್ಟಿದ ರಾಟೆ, ಗೋಡೆಗೆ ಬಿಗಿದ ಮರದ ಚಕ್ರ, ಕಿಟಕಿಯ ಸರಳಿಗೆ ಕಟ್ಟಿದ ಹಳದಿ, ಕೆಂಪು, ಹಸಿರು ರಬ್ಬರ್ ಪಟ್ಟಿಗಳು. ಒಬ್ಬ ಮುದುಕ ಗೋಡೆಯ ಮೇಲೆ ಬೆರಳು ನಡೆಸುತ್ತ, ಒಂದೊಂದು ಗೆರೆಗೂ ಉಸಿರು ಬಿಡುತ್ತ ನಿಂತಿದ್ದ. ವ್ಯಾಯಾಮದ ಚೀಟಿ ಬರೆದುಕೊಟ್ಟಿದ್ದ ಧನುಶ್ರೀ ಕರೆದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಬಿಳಿ ಕೋಟು. ಹುಳಿಯಾರಿನ ಕಡೆಯ ಗೊಲ್ಲರಹಟ್ಟಿಯವಳು. ಅವಳನ್ನು 'ಮೇಡಂ' ಎಂದು ಕರೆಯುವಾಗಲೆಲ್ಲ ಬಸವಕುಮಾರನ ನಾಲಿಗೆ ಒಂದು ಗಳಿಗೆ ಹಿಂದೆ ಸರಿಯುತ್ತಿತ್ತು.

"ಕೂತ್ಕಳಿ ಸಾರ್. ನೀವಾಗೇ ಎತ್ತಿ, ನೋಡೋಣ."

ಅವನು ಎತ್ತಿದ. ಭುಜದ ಮಟ್ಟ ದಾಟಿ ಸ್ವಲ್ಪ ಮೇಲೆ ಹೋಗುತ್ತಲೇ ಕೈ ನಡುಗಿಸಿ, ಮುಖ ಕಿವುಚಿ ನಿಲ್ಲಿಸಿದ. ಮೂರು ವಾರದಲ್ಲಿ ಆ ನಡುಕ ಚೆನ್ನಾಗಿ ಪಳಗಿತ್ತು. ಧನುಶ್ರೀ ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ತೋಳಿಗಿಟ್ಟು, "ನೂರಿಪ್ಪತ್ತು," ಎಂದು ಬರೆದುಕೊಂಡಳು. ಆಮೇಲೆ ಅವನ ಬೆನ್ನ ಹಿಂದೆ ಬಂದು ಹೆಗಲಮೂಳೆಯ ಮೇಲೆ ಅಂಗೈ ಇಟ್ಟು, "ಇನ್ನೊಂದು ಸಲ," ಎಂದಳು. ಆ ಅಂಗೈ ಏನನ್ನೋ ಕೇಳಿಸಿಕೊಳ್ಳುತ್ತಿದೆ ಎನ್ನಿಸಿ ಅವನ ಮೈ ಬೆವತಿತು. ಮೊಣಕೈ ಮತ್ತು ಪಕ್ಕೆಯ ನಡುವೆ ಟವೆಲಿನ ಸುರುಳಿ ಸಿಕ್ಕಿಸಿ, ಹಸಿರು ಪಟ್ಟಿ ಹಿಡಿಸಿ, ಹೊರಕ್ಕೆ ಎಳೆಯಲು ಹೇಳಿದಳು. ಎಳೆದ. ಪಟ್ಟಿ ಎರಡು ಪಾಲು ಉದ್ದವಾಯಿತು. ಅಷ್ಟು ಎಳೆಯಬಾರದಿತ್ತು ಎಂದು ಹೊಳೆದು ತಟ್ಟನೆ ಸಡಿಲ ಬಿಟ್ಟ.

"ಎಳೆಯೋಕೆ ಶಕ್ತಿ ಐತೆ. ತಳ್ಳೋಕೂ ಐತೆ. ಎತ್ತೋಕೆ ಮಾತ್ರ ಆಗಲ್ಲ ಅಂತೀರಿ," ಎಂದಳು. ಬಾಗಿಲ ಬಳಿಯ ಸ್ಟೂಲಿನ ಮೇಲಿದ್ದ ಜೀವಿತಾಳ ಕಡೆ ತಿರುಗಿ, "ಅಕ್ಕ, ಇನ್ಮೇಲೆ ನೀವು ಹಿಡೀಬೇಡಿ. ಅವ್ರೇ ಮಾಡ್ಕಬೇಕು," ಎಂದಳು.

"ಯಾಕೆ?" ಬಸವಕುಮಾರನ ದನಿ ಅವನಿಗೇ ಜೋರೆನಿಸಿತು. ಗೋಡೆಯ ಮುದುಕ ತಿರುಗಿ ನೋಡಿದ.

"ಬೇರೆಯವ್ರು ಎತ್ತಿಕೊಡೋದು ಮುಗೀತು ಸಾರ್. ನಿಮ್ಮ ಕೈ ಭಾರ ನೀವೇ ಹೊರ್ಬೇಕು. ಇಲ್ದಿದ್ರೆ ಮತ್ತೆ ಕಳಚುತ್ತೆ."

ಈ ಹುಡುಗಿಗೆ ಒಂದು ಏಟು ಕೊಡಬೇಕೆನ್ನಿಸಿತು ಅವನಿಗೆ. ಮಾತಿನ ಏಟು. "ನಿಮ್ಮಪ್ಪ ಗೊಲ್ಲರಪ್ಪ ಅಲ್ವಾ? ನಮ್ಮ ತೋಟದಲ್ಲಿ ಕುರಿಮಂದೆ ಕೂಡುಸ್ತಿದ್ದ," ಎಂದ, 'ತಿದ್ದ' ಎಂಬ ಏಕವಚನವನ್ನು ಸ್ವಲ್ಪ ಎಳೆದು.

"ಹೂಂ ಸಾರ್. ನಾನೂ ಬತ್ತಿದ್ದೆ ಜೊತೆಗೆ. ನಿಮ್ಮ ಅಮ್ಮಾರು ಜಗಲಿ ಕೆಳಗೆ ನಿಲ್ಸಿ ನೀರು ಹುಯ್ಯೋರು, ಬೊಗಸೆಗೆ." ಅವಳು ಟವೆಲು ಮಡಿಸುತ್ತಿದ್ದಳು. ದನಿ ಏರಲಿಲ್ಲ. "ಮೊದಲನೇ ದಿನ ಹೆಂಗಾಯ್ತು ಅಂತ ಕೇಳ್ದಾಗ ಏಣಿಯಿಂದ ಬಿದ್ದೆ ಅಂದ್ರಿ. ಅಷ್ಟು ಮೇಲಿಂದ ಬಿದ್ದೋರ ಮೈಮೇಲೆ ಒಂದು ತರಚು ಗಾಯನೂ ಇರ್ಲಿಲ್ಲ. ನಾನು ಬರ್ಕೊಂಡಿರೋದು ನೀವು ಹೇಳಿದ್ದನ್ನೇ. ಮಲಗಿ ಈಗ."

ಮಲಗಿಸಿ, ಮೊಣಕೈ ಮಡಿಸಿ, ತೋಳನ್ನು ಹೊರಕ್ಕೆ ಚಾಚಿ ಮೆಲ್ಲನೆ ಹಿಂದಕ್ಕೆ ತಿರುಗಿಸಿದಳು. ಯಾರಿಗಾದರೂ ಹೊಡೆಯಲು ಎತ್ತಿದಾಗ ಕೈ ನಿಲ್ಲುತ್ತದಲ್ಲ, ಆ ಜಾಗಕ್ಕೆ ಬಂದಿತು. ಕೂಡಲೆ ಬಸವಕುಮಾರನ ಎಡಗೈ ಮಂಚದ ಅಂಚನ್ನು ಕಚ್ಚಿ ಹಿಡಿಯಿತು. ಇದು ನಟನೆಯಲ್ಲ. ನಿಜವಾದ ಹೆದರಿಕೆ. ಮತ್ತೆ ಆ ಸದ್ದು, ಮತ್ತೆ ಆ ನೆಲ. "ಬೇಡ, ಬೇಡ ಮೇಡಂ," ಎಂದುಬಿಟ್ಟ. ಆ ಒಂದು ಸಲ 'ಮೇಡಂ' ಎಲ್ಲೂ ತಡೆಯಲಿಲ್ಲ. ಕಣ್ಣಂಚಿನಲ್ಲಿ ಜೀವಿತಾ ಕಂಡಳು. ಅವಳು ಸ್ಟೂಲಿನಿಂದ ಅರ್ಧ ಎದ್ದಿದ್ದಳು, ಮತ್ತೆ ಕೂತಳು.

ತುರುವೇಕೆರೆ ಬಸ್ಸು ತುಂಬಿ ಹೊರಟಿತು. ಜೀವಿತಾಳಿಗೆ ಕಿಟಕಿಯ ಸೀಟು ಸಿಕ್ಕಿತು. ಅವನು ಪಕ್ಕದಲ್ಲಿ ನಿಂತು, ಎಡಗೈಯಲ್ಲಿ ಸೀಟಿನ ಹಿಂಬದಿ ಹಿಡಿದುಕೊಂಡ. ಪಟ್ಟಣ ದಾಟಿದ್ದೇ ಎರಡೂ ಕಡೆ ತೆಂಗಿನ ಸಾಲು. ಆ ಹುಡುಗಿ ಹೇಳಿದ್ದರಲ್ಲಿ ಇವಳಿಗೆ ಎಷ್ಟು ಅರ್ಥವಾಗಿರಬಹುದು ಎಂದು ಅವನು ಅವಳ ಬೈತಲೆಯನ್ನು ಮೇಲಿನಿಂದ ನೋಡುತ್ತಿದ್ದ. ಬೈತಲೆಯ ಪಕ್ಕ ನರೆ ಬಂದಿತ್ತು. ಯಾವಾಗ ಬಂತು? ಇವತ್ತು ಸಂಜೆ ಚಾಪೆ ಹಾಸುವುದಿಲ್ಲ. ನಾಳೆಯೂ ಇಲ್ಲ. ಎಲ್ಲ ಆ ಕುರಿಯವನ ಮಗಳಿಂದ. ಬೇರೆ ಕಡೆ ತೋರಿಸಿದರೆ, ಹಾಸನದಲ್ಲಿ, ಅಲ್ಲಿ ಇನ್ನೂ ಎರಡು ತಿಂಗಳು ಹಿಡಿಯಬೇಕು ಎಂದು ಹೇಳಿಸಿಕೊಂಡು ಬಂದರೆ ಎಂದೆಲ್ಲ ಯೋಚಿಸುತ್ತ ಟಿಕೆಟ್ಟಿನ ಚಿಲ್ಲರೆಗೆ ಎಡಗೈಯನ್ನು ಜೇಬಿಗೆ ಹಾಕಿದ. ಅಷ್ಟರಲ್ಲಿ ತೋಟದ ದಾರಿಯಿಂದ ಮಟ್ಟೆ ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಇಳಿಯಿತು. ಡ್ರೈವರು ಬ್ರೇಕು ತುಳಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ಬಸವಕುಮಾರ ಬೀಳಲಿಲ್ಲ. ಅವನ ಬಲಗೈ ಮೇಲಿನ ಕಂಬಿಯನ್ನು ಹಿಡಿದಿತ್ತು. ಮೈಭಾರದ ಜೊತೆಗೆ ಹಿಂದಿನಿಂದ ಬಂದು ಬಿದ್ದ ಇಬ್ಬರ ಭಾರವನ್ನೂ ತಡೆದು, ತೋಳು ನೆಟ್ಟಗೆ ನಿಂತಿತ್ತು. ಬಸ್ಸು ಮತ್ತೆ ಹೊರಟ ಮೇಲೂ ಅವನು ಕೈ ತೆಗೆಯಲಿಲ್ಲ. ತೆಗೆಯಬೇಕು ಎಂಬುದೇ ಮರೆತುಹೋಗಿತ್ತು. "ಅಮ್ಮಾ" ಎಂದು ನರಳುವುದು ಒಂದು ಗಳಿಗೆ ತಡವಾಯಿತು.

ಜೀವಿತಾ ಕೈಯನ್ನು ನೋಡಿದಳು. ಆಮೇಲೆ ಅವನ ಮುಖವನ್ನು ನೋಡಿದಳು.

"ಎಷ್ಟು ದಿನ ಆಯ್ತು?"

"ಏನು?"

"ಕೈ ಮೇಲಕ್ಕೆ ಹೋಗಿ."

ಅವನು ಕಂಬಿಯಿಂದ ಬೆರಳು ಬಿಡಿಸಿಕೊಂಡ. ಸುತ್ತಲೂ ಊರ ಕಡೆಯ ಜನ. ಬಗ್ಗಿ ಹೇಳಿದ, "ಮೂರು ವಾರ."

ಅವಳು ಬೈಯುತ್ತಾಳೆ ಎಂದು ಕಾದ. ಬೈದಿದ್ದರೆ ಅವನಿಗೂ ಮಾತು ಸಿಗುತ್ತಿತ್ತು. ಕಂಡಕ್ಟರು ಬಂದ. ಜೀವಿತಾ ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿ, "ತುರುವೇಕೆರೆ," ಎಂದಳು. ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೆಟು ಹರಿದುಕೊಟ್ಟು ಬಸವಕುಮಾರನ ಕಡೆ ನೋಡಿದ. ಅವನು ತನ್ನ ಊರಿನ ಗೇಟಿನ ಹೆಸರು ಹೇಳಿದ.

"ಜನ ಇದ್ದಾರೆ ಕಣೇ," ಎಂದ, ಕಂಡಕ್ಟರು ಮುಂದೆ ಹೋದ ಮೇಲೆ.

"ಇರ್ಲಿ ಬುಡಿ."

"ಬಟ್ಟೆ ಬರೆ ಏನೂ ಇಲ್ದೆ..."

"ಅಕ್ಕ ಹೊಲ್ದಿಟ್ಟವಳೆ."

ಎಷ್ಟು ದಿನದ ಹಿಂದೆ ಹೊಲಿದಿಟ್ಟಳು ಎಂದು ಕೇಳುವ ಮನಸ್ಸಾಯಿತು. ಇನ್ನು ಮೇಲೆ ಕೈ ಎತ್ತುವುದಿಲ್ಲ ಎಂಬ ಒಂದು ಮಾತೂ ನಾಲಿಗೆಯವರೆಗೆ ಬಂತು. ಹಿಂದೆ ಆ ಮಾತನ್ನು ಎಷ್ಟು ಸಲ ಹೇಳಿದ್ದೆ ಎಂದು ಎಣಿಸಲು ಹೋಗಿ ಬಾಯಿ ಕಟ್ಟಿತು. "ಅವ್ವಂಗೆ ಏನು ಹೇಳ್ಲಿ?" ಎಂದ.

"ಏಣಿಯಿಂದ ಬಿದ್ಲು ಅನ್ನಿ."

ಗೇಟು ಬಂತು. ಇನ್ನೂ ನಾಲ್ಕು ಜನ ಇಳಿದರು, ಅವರ ಹಿಂದೆ ಅವನೂ ಇಳಿದ. ರಸ್ತೆಯಂಚಿನಲ್ಲಿ ಅವಳ ಕಿಟಕಿಯ ಕೆಳಗೆ ನಿಂತ. ಹೋಗಬೇಡ ಎನ್ನಬಹುದಿತ್ತು, ಇಳಿದವರಲ್ಲಿ ಇಬ್ಬರು ಇನ್ನೂ ಅಲ್ಲೇ ಬೀಡಿ ಹಚ್ಚುತ್ತಿದ್ದರು. "ಇದು ನನ್ ಹತ್ರನೇ ಉಳೀತು," ಎಂದು ಅವಳು ಕ್ಲಿನಿಕ್ಕಿನಲ್ಲಿ ಕೊಟ್ಟ ರಬ್ಬರ್ ಪಟ್ಟಿ, ಚೀಟಿ ಇದ್ದ ಪ್ಲಾಸ್ಟಿಕ್ ಕವರನ್ನು ಸರಳಿನ ಸಂದಿಗೆ ತಂದಳು. ಕಿಟಕಿ ಎತ್ತರದಲ್ಲಿತ್ತು. ಅವನು ಇಸಕೊಳ್ಳಲು ಕೈ ಎತ್ತಿದ. ಬಲಗೈ. ಇನ್ನು ಮುಚ್ಚಿಡುವುದೇನಿದೆ ಎಂದು ಸರ್ರನೆ ಎತ್ತಿದ.

ಜೀವಿತಾಳ ಮುಖ ಪಕ್ಕಕ್ಕೆ ತಿರುಗಿ ಹಿಂದಕ್ಕೆ ಹೋಯಿತು. ಕಣ್ಣು ಮುಚ್ಚಿದವು. ಕವರು ಹಿಡಿದಿದ್ದ ಕೈ ಕೆನ್ನೆಗೆ ಅಡ್ಡ ಬಂತು. ನಡುವೆ ಕಬ್ಬಿಣದ ಸರಳುಗಳಿದ್ದವು, ಹೊರಗೆ ಮಧ್ಯಾಹ್ನದ ಬಿಸಿಲಿತ್ತು, ಪಕ್ಕದ ಸೀಟಿನಲ್ಲಿ ಯಾರೋ ಹೆಂಗಸು ಕಡಲೆಕಾಯಿ ಬಿಡಿಸುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವಳು ಕಣ್ಣು ತೆರೆದು, ಅವನು ನೋಡಿದನೆಂದು ತಿಳಿದು, ತನ್ನ ಮೇಲೆ ತನಗೇ ಸಿಟ್ಟು ಬಂದವಳಂತೆ ಕವರನ್ನು ಅವನ ಅಂಗೈಗೆ ಹಾಕಿದಳು. ಕಂಡಕ್ಟರು ಸೀಟಿ ಊದಿದ.

ತೋಟದ ದಾರಿಯಲ್ಲಿ ಅವನು ನಡೆದು ಬಂದ. ಅವಳು ಕಲ್ಲು, ಅವಳಿಗೆ ತನ್ನನ್ನು ಕಂಡರೆ ಹಗೆ ಎಂದುಕೊಂಡೇ ಇಷ್ಟು ದಿನ ತಳ್ಳಿದ್ದ. ಹಗೆಯ ಜೊತೆ ಬದುಕಬಹುದಿತ್ತು, ಅದಕ್ಕೆ ಎದುರು ನಿಲ್ಲಬಹುದಿತ್ತು. ಹೆದರಿಕೊಂಡೇ ದಿನಕ್ಕೆರಡು ಹೊತ್ತು ಬಂದು ಪಕ್ಕದಲ್ಲಿ ಕೂರುತ್ತಿದ್ದಳು ಎನ್ನುವುದನ್ನು ಎಲ್ಲಿಟ್ಟುಕೊಳ್ಳುವುದು? ಯಾರೋ ಬೈಕಿನಲ್ಲಿ ಹೋಗುತ್ತ ಮಾತಾಡಿಸಿದರು. ಅವನಿಗೆ ಕೇಳಿಸಲಿಲ್ಲ.

ಗುರುಶಾಂತಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಎಲ್ಲಲಾ ಅವ್ಳು?" ಎಂದರು.

"ಅಕ್ಕನ ಮನೆಗೆ ಹೋದ್ಲು."

"ಯಾವಾಗ ಬತ್ತಾಳೆ?"

"ಬರಲ್ಲ ಕಣವ್ವ."

ತಾಯಿ ಒಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದರು. "ಬತ್ತಾಳೆ ಬುಡು. ಗಂಡ ಒಂದೇಟು ಹಾಕ್ದ ಅಂತ ಮನೆ ಬುಡೋರು ಯಾರವ್ರೆ? ನಿಮ್ಮಪ್ಪ ಹಾಕ್ತಿರ್ಲಿಲ್ವಾ? ಬಾರುಕೋಲಲ್ಲಿ ಹಾಕವ್ರೆ. ನಾನು ಹೋದ್ನಾ?"

ಬಸವಕುಮಾರ ಮೆಟ್ಟಿಲ ಮೇಲೆ ಕೂತ. ತಂದೆ ವೀರಭದ್ರಯ್ಯ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಈ ಮಾತನ್ನು ಅವನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದ, ಯಾವಾಗಲೂ ಅದು ತಾಯಿಯ ಹೆಮ್ಮೆಯ ಮಾತು ಎಂದೇ ತಿಳಿದಿದ್ದ.

"ಹೋಗ್ಬೇಕು ಅನ್ನುಸ್ತಿರ್ಲಿಲ್ವೇನವ್ವ?" ಎಂದು ಕೇಳಿದ.

ಗುರುಶಾಂತಮ್ಮನ ಬೆರಳು ನಿಂತವು. ಮಗನ ಕಡೆ ನೋಡಲಿಲ್ಲ. ತೆಂಗಿನ ಸಾಲಿನಾಚೆ, ರಸ್ತೆ ಇರುವ ಕಡೆ ನೋಡಿದರು.

"ಆಗ ನಮ್ಮೂರಿಗೆ ಬಸ್ಸೆಲ್ಲಿತ್ತು ಕಣಪ್ಪ," ಎಂದರು.